ಏಳು ಕಿಲೋ, ಒಂದು ಬಾಟಲಿ ಹುಳಿ

ಹೋದ ವಾರ ಅಟ್ಟದ ಮೇಲಿಂದ ನೀಲಿ ಬ್ಯಾಗನ್ನು ಇಳಿಸಿ, ಧೂಳು ಒರೆಸಿ, ಜಿಪ್ಪು ಎಳೆದಾಗ ಒಳಗಿನಿಂದ ಕರಿಮೆಣಸಿನ ವಾಸನೆ ಬಂತು. ಸೀನು ಬರುವ ಹಾಗಾಯಿತು, ಬರಲಿಲ್ಲ. ಮೂರು ವರ್ಷ ಮುಚ್ಚಿಟ್ಟಿದ್ದ ಬ್ಯಾಗು. ತಲೆಕೆಳಗು ಮಾಡಿ ಕೊಡವಿದರೆ ಹೊಲಿಗೆಯ ಸಂದಿಯಿಂದ ನಾಲ್ಕು ಕಾಳು ಉದುರಿ ನೆಲದ ಮೇಲೆ ನಾಲ್ಕು ಕಡೆಗೆ ಓಡಿದವು. ಮೂರನ್ನು ಹಿಡಿದೆ. ನಾಲ್ಕನೆಯದು ಮಂಚದ ಕೆಳಗೆ ಹೋಯಿತು. ಅದನ್ನು ಹುಡುಕಲು ಬಗ್ಗಿದವನು ಅಲ್ಲೇ ಸ್ವಲ್ಪ ಹೊತ್ತು ಕುಳಿತುಬಿಟ್ಟೆ. ವಯಸ್ಸಾದವರಿಗೆ ಇದೊಂದು ಅನುಕೂಲ ನೋಡಿ. ನೆಲದ ಮೇಲೆ ಯಾಕೆ ಕೂತಿದ್ದೀರಿ ಎಂದು ಯಾರಾದರೂ ಕೇಳಿದರೆ ಮಂಡಿನೋವು ಎಂದರೆ ಸಾಕು.

ಕೇಳುವವರು ಯಾರೂ ಇರಲಿಲ್ಲ ಅನ್ನಿ. ನನ್ನ ಹೆಂಡತಿ ಸುಶೀಲ ತೀರಿಕೊಂಡು ಈ ಕಕ್ಕಡಕ್ಕೆ ವರ್ಷವಾಗುತ್ತದೆ. ಕಕ್ಕಡ ಎಂದರೆ ನಮ್ಮಲ್ಲಿ ಮನೆಯಿಂದ ಹೊರಗೆ ಕಾಲಿಡಲಾಗದ ಮಳೆಯ ತಿಂಗಳು.

ಬ್ಯಾಗು ಇಳಿಸಲು ಕಾರಣ ಚೈತ್ರ. ಸುಶೀಲಳ ತಂಗಿಯ ಮಗಳು, ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ನಮಗೆ ಮಕ್ಕಳಿಲ್ಲದ್ದರಿಂದ ಅವಳೇ ಮಗಳು. ಹಿಂದಿನ ತಿಂಗಳು ಫೋನ್ ಮಾಡಿ, "ದೊಡ್ಡಪ್ಪ, ಟಿಕೆಟ್ ಮಾಡಿ ಆಯ್ತು. ಹೋದ ಸಲದ ಹಾಗೇ ಕೈಬ್ಯಾಗ್ ಮಾತ್ರ, ಏಳು ಕಿಲೋ. ಕ್ಯಾನ್ಸಲ್ ಮಾಡೋಕಾಗೋದಿಲ್ಲ" ಎಂದಳು. ಕೊನೆಯ ಮಾತು ನಿಜವೋ ಸುಳ್ಳೋ ಗೊತ್ತಿಲ್ಲ. ದೊಡ್ಡಮ್ಮನ ಹತ್ತಿರ ಕಲಿತ ವಿದ್ಯೆ ಇರಬೇಕು. ಎಲ್ಲಿಂದ ಹೊರಡುವ ವಿಮಾನ ಎಂದು ಕೇಳಿದೆ. ಗಡಿಯಾಚೆಯ ಮಟ್ಟನ್ನೂರಿಂದಲೇ, ನಿಮಗೆ ಅದೇ ಹತ್ತಿರ ಅಲ್ವಾ ಎಂದಳು.

ನನಗೆ ಹೆದರಿಕೆ ಶುರುವಾದದ್ದು ಅಲ್ಲಿ. ವಿಮಾನಕ್ಕೆ ನಾನು ಹೆದರುವವನಲ್ಲ. ಮೂರ್ನಾಡಿನಿಂದ ವಿರಾಜಪೇಟೆಗೆ ನಮ್ಮ ಬಸ್ಸುಗಳಲ್ಲಿ ಓಡಾಡಿದವರಿಗೆ ವಿಮಾನ ಏನೂ ಅಲ್ಲ. ನಾನು ಹೆದರಿದ್ದು ಆ ನಿಲ್ದಾಣದಲ್ಲಿ ನೆಲ ಒರೆಸುವ, ಹೋದ ಸಲ ಸುಶೀಲಳ ಜೊತೆ ಮಾತಾಡಿದ್ದ ಷೀಬ ಎಂಬ ಹೆಂಗಸಿಗೆ. ಅವಳೇನಾದರೂ ಎದುರು ಸಿಕ್ಕರೆ "ಅಮ್ಮ ಎಲ್ಲಿ?" ಎಂದು ಕೇಳುತ್ತಾಳೆ. ನಾನು ಉತ್ತರ ಹೇಳಬೇಕಾಗುತ್ತದೆ.

ಇದು ನಿಮಗೆ ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಆದರೆ ಈ ಹತ್ತು ತಿಂಗಳಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಒಬ್ಬರಿಗೂ ಹೇಳಿಲ್ಲ. ಹೇಳುವ ಸಂದರ್ಭವೇ ಬರಲಿಲ್ಲ. ಆ ದಿನ ಬೆಳಿಗ್ಗೆ ಕಾಫಿ ಸೋಸುತ್ತಿದ್ದವಳು ಹಾಗೇ ಕುಸಿದಾಗ ಶಬ್ದ ಕೇಳಿ ಪಕ್ಕದ ಮನೆಯ ಬೋಜಮ್ಮ ಓಡಿಬಂದರು. ಡಾಕ್ಟರನ್ನು ಕರೆತಂದದ್ದು ಅವರ ಯಜಮಾನರು. ಹಾರಂಗಿಯ ಅವಳ ತವರಿಗೆ, ಮುಂಬಯಿಗೆ ಫೋನ್ ಮಾಡಿದ್ದೂ ಅವರೇ. ನಾನು ಎದ್ದು ಜಗಲಿಗೆ ಬರುವಷ್ಟರಲ್ಲಿ ಮೂರ್ನಾಡಿಗೆಲ್ಲ ಗೊತ್ತಾಗಿ, ಗೇಟಿನ ಹತ್ತಿರ ಕೊಡೆಗಳು ಸೇರಿದ್ದವು. ಆಮೇಲೂ ಹಾಗೆಯೇ. ದಿನಸಿ ಅಂಗಡಿಯವರು ಅವಳ ಹೆಸರೆತ್ತದೆ ಅರ್ಧ ಲೀಟರ್ ಎಣ್ಣೆ ಕಟ್ಟಿಕೊಡುತ್ತಾರೆ. ಮೊದಲು ಒಂದು ಲೀಟರ್ ಒಯ್ಯುತ್ತಿದ್ದೆ. ಬಸ್ಸಿನ ಕಂಡಕ್ಟರ್ ಎರಡಾ ಎಂದು ಕೇಳುವುದಿಲ್ಲ, ಒಂದೇ ಟಿಕೆಟ್ ಹರಿದು ಕೊಡುತ್ತಾನೆ. ಊರು ನನಗೆ ಮಾಡಿದ ಈ ಉಪಕಾರವನ್ನು ನಾನು ಮರೆಯುವವನಲ್ಲ. ನನ್ನ ಪರವಾಗಿ ಎಲ್ಲರೂ ಎಲ್ಲರಿಗೂ ಹೇಳಿ ಮುಗಿಸಿದರು. ಹಾಗಾಗಿ ಆ ಒಂದು ಮಾತು ಮಾತ್ರ ನನ್ನೊಳಗೇ ಉಳಿದುಹೋಯಿತು.

ತೂಕದ ವಿಷಯಕ್ಕೆ ಬರುತ್ತೇನೆ. ನಾನು ಸಿದ್ದಾಪುರದ ಕಡೆಯ ಒಂದು ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದವ. ರೈಟರ್ ಎಂದರೆ ಕಥೆ ಬರೆಯುವವನೆಂದು ತಿಳಿಯಬೇಡಿ. ಪಿಕ್ಕಿಂಗ್ ದಿನಗಳಲ್ಲಿ ಸಾಯಂಕಾಲ ಆಳುಗಳು ಕೊಯ್ದ ಕಾಫಿಹಣ್ಣಿನ ಚೀಲಗಳನ್ನು ತಂದು ಸಾಲಾಗಿ ಇಡುತ್ತಾರೆ. ಒಂದೊಂದನ್ನೇ ಕೊಕ್ಕೆಗೆ ತೂಗುಹಾಕಿ, ಮುಳ್ಳು ನಿಂತ ಮೇಲೆ ಎಷ್ಟು ಕಿಲೋ ಎಂದು ಬರೆದುಕೊಳ್ಳುವವನು ರೈಟರ್. ನನ್ನ ಕೆಲಸದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿತ್ತು. ಚೀಲವನ್ನು ಕೈಯಲ್ಲಿ ಎತ್ತಿದರೆ ಸಾಕು, ಕಾಲು ಕಿಲೋದ ಹೆಚ್ಚುಕಮ್ಮಿ ಇಲ್ಲದೆ ಹೇಳುತ್ತಿದ್ದೆ. ನಿವೃತ್ತಿಯ ದಿನ ಹಳೆಯ ಸ್ಪ್ರಿಂಗ್ ತಕ್ಕಡಿಯೊಂದನ್ನು ಕೇಳಿ ಪಡೆದು ಮನೆಗೆ ತಂದೆ. ಬೇರೆಯವರು ಗಡಿಯಾರ ತರುತ್ತಾರೆ. ಸುಶೀಲ ಅದನ್ನು ನೋಡಿ, "ಇನ್ಮೇಲೆ ನನ್ನೂ ತೂಗ್ತೀರೇನ್ರೀ?" ಎಂದಿದ್ದಳು.

ಅವಳಿಗೂ ತೂಕಕ್ಕೂ ಆಗಿಬರುತ್ತಿರಲಿಲ್ಲ. ಅವಳ ತವರು ಹಾರಂಗಿ ಅಣೆಕಟ್ಟಿನ ಹತ್ತಿರ. ಹಾಸನದ ಕಡೆಯಿಂದ ಬಂದು ನೆಲೆಸಿದ ರಾಗಿ ಬೆಳೆಯುವವರ ಮನೆ. ಅಲ್ಲಿಗೆ ಮೂರು ದಿನಕ್ಕೆ ಹೊರಟರೂ ಎರಡು ಚೀಲ, ಒಂದು ಟ್ರಂಕು, ಮೇಲೊಂದು ಬುಟ್ಟಿ. ನಾನು ಗೊಣಗಿದರೆ, ಒದ್ದೆಯಾದರೆ ಎಂತ ಉಡಲಿ ಎಂದು ಕೇಳುತ್ತಿದ್ದಳು. ಅವಳ ಮಾತಿನಲ್ಲೂ ನ್ಯಾಯವಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಹರವಿದರೆ ನಾಲ್ಕನೆಯ ದಿನಕ್ಕೆ ಹೊಗೆಯ ವಾಸನೆಯೊಂದಿಗೆ ಅರ್ಧ ಒಣಗುತ್ತದೆ. ಅಂಥ ಊರಿನವರು ದಿನಕ್ಕೊಂದು ಜೊತೆ, ಮೇಲೆ ಎರಡು ಜೊತೆ ಎಂದು ಲೆಕ್ಕ ಹಾಕುತ್ತಾರೆ. ಬಿಸಿಲಿನಲ್ಲಿ ಹೊರಟರೂ ಕೈ ಅದೇ ಲೆಕ್ಕ ಹಾಕುತ್ತದೆ.

ಬುಟ್ಟಿಯ ಕಥೆ ಬೇರೆ. ಕೊಡಗಿನವರು ಇನ್ನೊಬ್ಬರ ಮನೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ಕಾಫಿಪುಡಿ, ಮೆಣಸು, ಜೇನು, ಮತ್ತೆ ಕಾಚಂಪುಳಿ. ಇದನ್ನು ಕಾಣದವರಿಗಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಕಾಡಿನ ಹುಳಿಹಣ್ಣನ್ನು ಬುಟ್ಟಿಯಲ್ಲಿ ಕೊಳೆಯಲು ಬಿಟ್ಟು, ತೊಟ್ಟಿಕ್ಕುವ ರಸವನ್ನು ಕುದಿಸಿ ಕುದಿಸಿ ಡಾಂಬರಿನ ಹಾಗೆ ಕಪ್ಪಗಾಗಿಸಿದ ಹುಳಿ. ಹಂದಿಗೋ ಮೀನಿಗೋ ಒಂದು ಚಮಚ ಸಾಕು. ನನ್ನ ಅಮ್ಮ ಇದನ್ನು ಮಾಡುವುದನ್ನು ನೋಡಿ ಸುಶೀಲ ಮದುವೆಯಾದ ವರ್ಷವೇ ಕಲಿತಳು. ರಾಗಿಮುದ್ದೆಯ ಸೀಮೆಯಿಂದ ಬಂದವಳು ಕೊನೆಗೆ ಇಲ್ಲಿ ಹುಟ್ಟಿದವರಿಗೇ ನಿಮ್ಮ ಹುಳಿ ತೆಳ್ಳಗಾಗಿದೆ ಎಂದು ಹೇಳುವಷ್ಟು ಬೆಳೆದಳು. ತುಂಬಿಡಲು ಬಳಸುತ್ತಿದ್ದದ್ದು ಹಳೆಯ ಬ್ರಾಂದಿ ಬಾಟಲಿ. ಊರಿನಲ್ಲಿ ಎಲ್ಲರೂ ಹಾಗೆಯೇ, ಅದಕ್ಕಿಂತ ಬಿಗಿ ಮುಚ್ಚಳ ಬೇರೆ ಸಿಗುವುದಿಲ್ಲ.

ಮೂರು ವರ್ಷದ ಹಿಂದೆ, ಮೆಣಸು ಕೊಯ್ದು ಒಣಗಿಸಿ ಮುಗಿದ ಒಂದು ಏಪ್ರಿಲ್ ಸಂಜೆ, ಅವಳು ಜಗಲಿಯಲ್ಲಿ ಮೊರ ಹಿಡಿದು ಕುಳಿತು ಒಂದು ಮಾತು ಕೇಳಿದಳು. "ಅಲ್ಲಾ ಕಣ್ರೀ, ನಾವು ಇಲ್ಲೀವರೆಗೆ ಎಲ್ಲಿಗೆ ಹೋಗಿದ್ರೂ ಏನೋ ಒಂದು ಕಾರಣಕ್ಕೇ ಹೋಗಿದ್ದು ಅಲ್ವಾ?"

ನಾನು ಯೋಚಿಸಿದೆ. ಹೌದು. ಮದುವೆ, ತಿಥಿ, ಆಸ್ಪತ್ರೆ, ಹರಕೆ. ಮೈಸೂರಿಗೆ ಹನ್ನೊಂದು ಸಲ ಹೋಗಿದ್ದೆವು, ಅದರಲ್ಲಿ ಎಂಟು ಸಲ ಆಸ್ಪತ್ರೆಗೆ. ಅರಮನೆಯನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ.

"ಒಂದ್ಸಲ ಸುಮ್ನೆ ಹೋಗ್ಬೇಕು. ಯಾಕೆ ಅಂತ ಕೇಳಿದ್ರೆ ಹೇಳೋಕೆ ಏನೂ ಇರ್ಬಾರ್ದು."

ಫೋನಿನಲ್ಲಿ ಈ ಮಾತು ಕಿವಿಗೆ ಬಿದ್ದದ್ದೇ ಚೈತ್ರಳಿಗೆ ಸಾಕಾಯಿತು. ಟಿಕೆಟ್ ಬಂತು, ಅದರ ಜೊತೆಗೆ ಏಳು ಕಿಲೋದ ನಿಯಮವೂ ಬಂತು. ನನಗೆ ಆದ ಸಂತೋಷವನ್ನು ಈಗ ಒಪ್ಪಿಕೊಳ್ಳಲು ನಾಚಿಕೆ. ಮೂವತ್ತು ವರ್ಷ ಅವಳ ಚೀಲ ಹೊತ್ತವನಿಗೆ ಸರಕಾರವೇ ಬಂದು ನ್ಯಾಯ ಕೊಟ್ಟ ಹಾಗಾಯಿತು. ಜಗಲಿಯ ತೊಲೆಗೆ ತಕ್ಕಡಿ ಕಟ್ಟಿದೆ. ಒಂದು ವಾರ ಪೂರ್ತಿ ಇಬ್ಬರ ಬ್ಯಾಗನ್ನೂ ದಿನಾ ಸಂಜೆ ತೂಗಿದೆ. ಹನ್ನೊಂದು ಕಿಲೋ ಇದ್ದದ್ದು ಒಂಬತ್ತಾಯಿತು, ಒಂಬತ್ತು ಎಂಟಾಯಿತು. ಸ್ವೆಟರ್ ತೆಗೆಸಿದೆ. ಮುಂಬಯಿಯ ಮೇ ತಿಂಗಳಿಗೆ ಅವಳು ಸ್ವೆಟರ್ ಇಟ್ಟಿದ್ದಳು. ಎರಡು ಟವೆಲಿನಲ್ಲಿ ಒಂದು ತೆಗೆಸಿದೆ. ಮೆಣಸಿನ ಪೊಟ್ಟಣ ತೆಗೆಸಿದೆ. ಕೊನೆಗೆ ನಮ್ಮ ಮದುವೆಯ ಧಾರೆ ಸೀರೆಗೆ ಬಂದು ನಿಂತಿತು. ಕುಂಕುಮ ಬಣ್ಣದ, ಗೇಣುದ್ದ ಜರಿ ಅಂಚಿನ ಸೀರೆ. ಅದನ್ನು ಉಟ್ಟು ಸಮುದ್ರದ ಎದುರು ಒಂದು ಫೋಟೋ ತೆಗೆಸಿಕೊಳ್ಳಬೇಕೆಂದು ಅವಳ ಆಸೆ. ಒಂದು ಕಿಲೋಗೆ ಸ್ವಲ್ಪವೇ ಕಮ್ಮಿ ತೂಗಿತು. ಆಗುವುದಿಲ್ಲ ಎಂದೆ.

ಅವಳು ತಕ್ಕಡಿಯ ಮುಳ್ಳನ್ನೇ ನೋಡುತ್ತಾ ನಿಂತಳು. ಆಮೇಲೆ ಬಹಳ ಮೆಲ್ಲಗೆ, "ಉಟ್ಕೊಂಡಿದ್ದನ್ನೂ ತೂಗ್ತಾರೇನ್ರೀ?" ಎಂದು ಕೇಳಿದಳು.

ಮೂವತ್ತೊಂದು ವರ್ಷ ಚೀಲ ತೂಗಿದವನು ನಾನು, ಸೀರೆಯನ್ನು ಕೊಕ್ಕೆಯಿಂದ ಇಳಿಸಿ ಅವಳ ಕೈಗೆ ಕೊಟ್ಟೆ.

ಹೀಗೆ ಮೇ ತಿಂಗಳ ಒಂದು ನಸುಕಿನಲ್ಲಿ ಮೂರ್ನಾಡಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹೆಂಡತಿ ಧಾರೆ ಸೀರೆ, ಎರಡೆಳೆ ಸರ, ಕೈತುಂಬ ಬಳೆ ಹಾಕಿಕೊಂಡು ನಿಂತಿದ್ದಳು. ಪಕ್ಕದಲ್ಲಿ ನಾನು, ಒಂದರ ಮೇಲೊಂದು ಎರಡು ಅಂಗಿ, ಅದರ ಮೇಲೆ ಕೋಟು. ಕೋಟಿನ ನಾಲ್ಕು ಜೇಬಿನಲ್ಲೂ ಚೈತ್ರಳಿಗೆ ಎಂದು ಕರಿಮೆಣಸು. ಉಟ್ಟದ್ದನ್ನು ತೂಗುವುದಿಲ್ಲ ಎಂಬ ತತ್ವವನ್ನು ಅವಳು ನನ್ನ ಮೇಲೂ ಪ್ರಯೋಗಿಸಿದ್ದಳು. ಟೀ ಅಂಗಡಿಯಿಂದ ಒಬ್ಬರು ಯಾರ ಮದುವೆ ಎಂದು ಕೇಳಿದರು. ಯಾರದ್ದೂ ಇಲ್ಲ ಎಂದಳು. ಮತ್ತೆ ಎಲ್ಲಿಗೆ ಎಂದರು. ಬೊಂಬಾಯಿಗೆ, ಸುಮ್ನೆ, ಎಂದಳು. ಆ ಸೀರೆ ನೋಡಿದ ಯಾರೂ ಅದನ್ನು ನಂಬಲಿಲ್ಲ. ನಾವು ತಿರುಗಿ ಬರುವಷ್ಟರಲ್ಲಿ, ಚೈತ್ರಳಿಗೆ ಮುಂಬಯಿಯಲ್ಲಿ ಗುಟ್ಟಾಗಿ ಗಂಡು ನೋಡಿದ್ದಾರೆಂದು ಊರು ತೀರ್ಮಾನಿಸಿತ್ತು.

ಮಾಕುಟ್ಟದ ಘಟ್ಟ ಇಳಿದು, ಇರಿಟ್ಟಿ ದಾಟಿ ಮಟ್ಟನ್ನೂರು ತಲುಪಿದೆವು. ಚೈತ್ರ ಫೋನಿನಲ್ಲೇ ಚೆಕ್-ಇನ್ ಎಲ್ಲ ಮಾಡಿ ಮುಗಿಸಿದ್ದರಿಂದ ನಮ್ಮ ಬ್ಯಾಗುಗಳನ್ನು ಯಾರೂ ತೂಗಲಿಲ್ಲ. ಯಾರೂ. ನಾನು ಒಂದು ವಾರ ತೂಗಿದ ಬ್ಯಾಗು, ಸರಿಯಾಗಿ ಏಳು ಕಿಲೋ. ಕೌಂಟರಿನ ಹುಡುಗಿಯರು ನಗುತ್ತಾ ಮುಂದೆ ಹೋಗಿ ಎಂದು ಕೈ ತೋರಿಸಿದರು. ತೂಗಿ ಎಂದು ನಾನೇ ಕೇಳುವವನಿದ್ದೆ. ಸುಶೀಲ ತೋಳು ಹಿಡಿದು ಎಳೆದಳು. ಅವಳ ಅವಸರಕ್ಕೆ ಕಾರಣವೇನೆಂದು ಆಗ ಗೊತ್ತಾಗಲಿಲ್ಲ.

ತಪಾಸಣೆಯಲ್ಲಿ ಗೊತ್ತಾಯಿತು. ಮೊದಲು ನನ್ನ ಕೋಟು ಟ್ರೇಯಲ್ಲಿ ಮಗುಚಿ ಮೆಣಸು ಚೆಲ್ಲಿತು. ಅದನ್ನು ಅಲ್ಲಿದ್ದವರು ನಗುತ್ತಲೇ ಸೇರಿಸಿಕೊಟ್ಟರು, ಬ್ಯಾಗಿಗೆ ಸುರಿದುಕೊಂಡೆ. ಆಮೇಲೆ ಸುಶೀಲಳ ಬ್ಯಾಗು ನಿಂತಿತು. ಪೊಲೀಸ್ ಉಡುಪಿನ ಒಬ್ಬ ಹೆಣ್ಣುಮಗಳು ಅದನ್ನು ಬಿಚ್ಚಿ, ನನ್ನ ಪಂಚೆಯಲ್ಲಿ ಸುತ್ತಿದ್ದ ಒಂದು ಬ್ರಾಂದಿ ಬಾಟಲಿಯನ್ನು ಎತ್ತಿ ಹಿಡಿದರು. ಅದರ ತುಂಬ ಕಪ್ಪು ದ್ರವ. ನಾನು ಕೊನೆಯ ಸಲ ತೂಗಿದ ಮೇಲೆ ಸುಶೀಲ ಇಟ್ಟಿದ್ದಳು. ಸಾಲಿನಲ್ಲಿದ್ದವರೆಲ್ಲ ರೇಷ್ಮೆ ಸೀರೆಯ ಹೆಂಗಸನ್ನೂ ಬಾಟಲಿಯನ್ನೂ ಒಟ್ಟಿಗೆ ನೋಡಿದರು. ನಾನು ಎರಡು ಹೆಜ್ಜೆ ಆಚೆ ಸರಿದು, ಗೋಡೆಯ ಮೇಲೆ ಬರೆದಿದ್ದ ಏನನ್ನೋ ಓದತೊಡಗಿದೆ. ನಾನು ಹೀಗೆ ಸರಿದುನಿಂತದ್ದನ್ನೂ ಬರೆದುಬಿಡುವುದು ಒಳ್ಳೆಯದು.

ಸುಶೀಲಳಿಗೆ ಹಿಂದಿ ಬಾರದು. ವಿವರಿಸುವ ಬದಲು ಮುಚ್ಚಳ ತಿರುಗಿಸಿ ಬಾಟಲಿಯನ್ನು ಆ ಅಧಿಕಾರಿಣಿಯ ಮೂಗಿನ ಹತ್ತಿರ ಹಿಡಿದಳು. ಅವರು ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಎಳೆದುಕೊಂಡರು. ಮದ್ಯವಲ್ಲ ಎಂಬುದು ಖಾತ್ರಿಯಾಯಿತು, ಆದರೆ ಅಷ್ಟು ದ್ರವ ಒಯ್ಯುವ ಹಾಗಿಲ್ಲ, ಇಲ್ಲಿ ಹಾಕಿ ಎಂದು ಕಸದ ಡಬ್ಬಿ ತೋರಿಸಿದರು. ಸುಶೀಲ ಡಬ್ಬಿಯನ್ನು ನೋಡಿದಳು. ಒಂದು ಬುಟ್ಟಿ ಹಣ್ಣು, ಎರಡು ದಿನದ ಬೆಂಕಿ. ಇದನ್ನು ಕಸಕ್ಕೆ ಹಾಕೋದಿಲ್ಲ, ಹೊರಗೆ ಹೋಗಿ ಯಾರಿಗಾದರೂ ಕೊಟ್ಟು ಬರ್ತೀನಿ ಎಂದು ಕನ್ನಡದಲ್ಲೇ ಹೇಳಿದಳು. ಏನು ಅರ್ಥವಾಯಿತೋ, ಆ ಹೆಣ್ಣುಮಗಳು ಒಂದು ಕ್ಷಣ ಅವಳ ಮುಖ ನೋಡಿ, ಹೋಗಿ ಬನ್ನಿ ಎಂದು ಬಿಟ್ಟರು. ಅವರಿಗೂ ಎಲ್ಲೋ ಒಬ್ಬ ಅಮ್ಮ ಇರಬೇಕು.

ಹೊರಗಿನ ಹಾಲಿನಲ್ಲಿ ಒಬ್ಬಳು ಉದ್ದ ಕೋಲಿನಿಂದ ನೆಲ ಒರೆಸುತ್ತಿದ್ದಳು. ಸುಶೀಲ ನೇರ ಹೋಗಿ ಬಾಟಲಿ ಚಾಚಿದಳು. ಅವಳು ಅನುಮಾನದಿಂದ ಮೂಸಿದಳು. ಮೂಸಿದವಳು ಕೋಲನ್ನು ಗೋಡೆಗೆ ಒರಗಿಸಿದಳು.

"ಇದು ನಮ್ಮ ದೊರೆ ಮನೆ ಅಡುಗೆಕೋಣೆ ವಾಸನೆ ಅಲ್ವಾ," ಎಂದಳು, ಕನ್ನಡದಲ್ಲಿ.

ಅವಳೇ ಷೀಬ. ಹುಟ್ಟಿದ್ದು ಸಿದ್ದಾಪುರದ ಕಡೆಯ ಎಸ್ಟೇಟ್ ಲೈನಿನ ಸಾಲುಮನೆಯಲ್ಲಿ, ಅಪ್ಪ ಅಮ್ಮ ಅಲ್ಲಿ ಆಳುಗಳು. ನಾನಿದ್ದ ಎಸ್ಟೇಟ್ ಅಲ್ಲ, ಅದರಾಚೆಯದು. ಚಿಕ್ಕವಳಿದ್ದಾಗ ದೊರೆ, ಎಂದರೆ ಎಸ್ಟೇಟಿನ ಯಜಮಾನರ ಮನೆಯ ಹಿಂದೆ ಸೌದೆ ಇಳಿಸಲು ಅಮ್ಮನ ಜೊತೆ ಹೋದಾಗ ಈ ವಾಸನೆ ಬರುತ್ತಿತ್ತಂತೆ. ಯಾವತ್ತೂ ತಿಂದದ್ದಿಲ್ಲ. ಸುಶೀಲ ಅಲ್ಲೇ ನಿಂತು ಪಾಠ ಶುರುಮಾಡಿದಳು. ಮೀನಿಗಾದರೆ ಒಂದೇ ಚಮಚ, ಇಳಿಸುವ ಮೊದಲು ಹಾಕಬೇಕು, ಟೊಮೆಟೊ ಮುಟ್ಟಿಸಬಾರದು. ಹಿಂದೆಯೇ ಬಂದಿದ್ದ ನಾನು ಗಡಿಯಾರ ತೋರಿಸಿದೆ. ಅವಳು ಒಂದೇ ಚಮಚ ಎಂದು ಬೆರಳೆತ್ತಿ ಇನ್ನೊಮ್ಮೆ ಹೇಳಿ ಬಂದಳು.

ಮುಂಬಯಿಯಲ್ಲಿ ನಾಲ್ಕು ದಿನ ಇದ್ದೆವು. ಚೈತ್ರಳ ಆಸ್ಪತ್ರೆಯ ಹತ್ತಿರದ ಲಾಡ್ಜಿನಲ್ಲಿ ಒಂದು ಕೋಣೆ, ಒಂದು ಕಿಟಕಿ, ಒಂದು ಫ್ಯಾನು. ನಾವು ನೋಡಿದ್ದನ್ನೆಲ್ಲ ಇಲ್ಲಿ ಹೇಳುವುದಿಲ್ಲ, ನೀವೂ ನೋಡಿರುತ್ತೀರಿ. ನನಗೆ ನೆನಪಿರುವುದು ಬಟ್ಟೆ. ಮೊದಲನೆಯ ಸಂಜೆ ಅವಳು ಒಂದು ಸೀರೆ ಒಗೆದು ಕಿಟಕಿಯ ಸರಳಿಗೆ ಕಟ್ಟಿ ಹರವಿದಳು. ಊಟ ಮಾಡಿ ಬರುವಷ್ಟರಲ್ಲಿ ಒಣಗಿತ್ತು. ಅವಳು ಅದನ್ನು ಕೆನ್ನೆಗೆ ಒತ್ತಿ ನೋಡಿದಳು, ನನ್ನ ಕೆನ್ನೆಗೂ ಒತ್ತಿದಳು. ಹೊಗೆಯ ವಾಸನೆ ಇಲ್ಲ, ಬೂಸಲಿಲ್ಲ. "ಇಲ್ಲಿ ಎರಡು ಸೀರೆ ಇದ್ರೆ ಒಂದು ಜೀವಮಾನ ಕಳೀಬೋದು ಕಣ್ರೀ," ಎಂದಳು. ಆ ನಾಲ್ಕು ದಿನ ದಿನಾ ಒಗೆದಳು, ಒಗೆಯುವ ಅಗತ್ಯ ಇಲ್ಲದ್ದನ್ನೂ ಒಗೆದಳು. ನಾನು ತಕ್ಕಡಿ ಹಿಡಿದು ಒಂದು ವಾರ ಕಲಿಸಲಾಗದ್ದನ್ನು ಆ ಕಿಟಕಿ ಒಂದು ಸಂಜೆಯಲ್ಲಿ ಕಲಿಸಿತು.

ಧಾರೆ ಸೀರೆ ಉಟ್ಟು ಸಮುದ್ರಕ್ಕೆ ಹೋದದ್ದು ಮೂರನೆಯ ದಿನ. ಆ ಸೆಕೆಯಲ್ಲಿ ಜರಿ ಸೀರೆ. ಜನ ನೋಡುತ್ತಾರೆಂದು ನಾನು ಹತ್ತು ಹೆಜ್ಜೆ ಮುಂದೆ ನಡೆದೆ. ಅವಳು ಕರೆಯಲೂ ಇಲ್ಲ, ಅವಸರವನ್ನೂ ಮಾಡಲಿಲ್ಲ. ತಿರುಗಿ ನೋಡಿದರೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ, ಚೈತ್ರ ಫೋಟೋ ತೆಗೆಯುತ್ತಿದ್ದಾಳೆ. ಸೆರಗು ಗಾಳಿಗೆ ಹಾರಿ ಅರ್ಧ ಆಕಾಶ ಮುಚ್ಚಿದೆ. ಆ ಫೋಟೋ ಈಗಲೂ ನಮ್ಮ ನಡುಕೋಣೆಯಲ್ಲಿದೆ. ಅದರ ಮೂಲೆಯಲ್ಲಿ, ಚೌಕಟ್ಟಿಗೆ ಸೇರಿಯೂ ಸೇರದ ಹಾಗೆ, ಕೋಟು ತೋಳಿನ ಮೇಲೆ ಹಾಕಿಕೊಂಡ ಒಬ್ಬ ಗಂಡಸು ವಾಪಸು ನಡೆದು ಬರುತ್ತಿದ್ದಾನೆ. ವಾಪಸು ಬರುತ್ತಿದ್ದಾನಲ್ಲ, ಅಷ್ಟರಲ್ಲೇ ಫೋಟೋ ತೆಗೆದದ್ದಕ್ಕೆ ಚೈತ್ರಳಿಗೆ ನಾನು ಋಣಿ.

ಪಕ್ಕದಲ್ಲಿ ಕೂತಾಗ ಅವಳು ಹೇಳಿದಳು, "ಇಷ್ಟು ಜನ ಇದ್ದಾರೆ, ಒಬ್ರೂ ಯಾತಕ್ಕೆ ಬಂದ್ರಿ ಅಂತ ಕೇಳಲಿಲ್ಲ ನೋಡಿ."

ತಿರುಗಿ ಬಂದಾಗ ಇಳಿಯುವವರ ದಾರಿ ಬೇರೆ, ಷೀಬ ಸಿಗಲಿಲ್ಲ. ಮೀನುಸಾರು ಹೇಗಾಯ್ತು ಅಂತ ಕೇಳಬೇಕಿತ್ತು ಎಂದು ಸುಶೀಲ ಘಟ್ಟ ಹತ್ತುವವರೆಗೂ ಹೇಳಿದಳು. ಆಮೇಲೆ ಅದು ನಮ್ಮ ಮನೆಯ ಮಾತೇ ಆಯಿತು. ಮೀನು ಮಾಡಿದ ದಿನ, ಚಮಚ ಕೈಯಲ್ಲಿ ಹಿಡಿದು, "ಆ ಹುಡುಗಿ ಒಂದೇ ಹಾಕಿದ್ಲೋ, ಸುರಿದೇಬಿಟ್ಲೋ," ಎನ್ನುವಳು. ಎರಡು ವರ್ಷ ಹೀಗೆ ಕೇಳಿದಳು. ನನಗೇನು ಗೊತ್ತು ಮಾರಾಯ್ತಿ ಎನ್ನುತ್ತಿದ್ದೆ.

ಕಳೆದ ಮಳೆಗಾಲ ಅವಳು ಕೊನೆಯ ಸಲ ಹುಳಿ ಕಾಯಿಸಿದಳು. ಮೂರು ಬಾಟಲಿ ಆಯಿತು. ಅದಾಗಿ ಒಂಬತ್ತನೆಯ ದಿನ ಅವಳು ಹೋದಳು.

ಈ ಸಲ ಬ್ಯಾಗು ಕಟ್ಟುವಾಗ ನನಗೆ ಯಾರೊಡನೆಯೂ ಜಗಳವಿರಲಿಲ್ಲ. ಎರಡು ಅಂಗಿ, ಎರಡು ಪಂಚೆ, ಒಂದು ಟವೆಲು, ಮಾತ್ರೆ, ಕನ್ನಡಕ, ಚೈತ್ರಳಿಗೆ ಕಾಫಿಪುಡಿ. ತಕ್ಕಡಿಗೆ ತೂಗುಹಾಕಿದೆ. ನಾಲ್ಕೂಮುಕ್ಕಾಲು ಕಿಲೋ. ಇಷ್ಟು ಹಗುರವಾಗಿ ಜೀವನದಲ್ಲಿ ಯಾವತ್ತೂ ಹೊರಟಿರಲಿಲ್ಲ, ಆದರೂ ಹೊರಡುವ ಮನಸ್ಸಿಲ್ಲ. ಜ್ವರ ಎನ್ನಲೇ, ಮಂಡಿನೋವು ಎನ್ನಲೇ ಎಂದು ಯೋಚಿಸುತ್ತಾ ಅಡುಗೆಕೋಣೆಗೆ ಹೋದವನಿಗೆ ಕಪಾಟಿನಲ್ಲಿ ಮೂರು ಬಾಟಲಿ ಕಂಡವು. ಒಂದನ್ನು ತೆರೆದು ಬಳಸುತ್ತಿದ್ದೇನೆ. ಎರಡು ಹಾಗೇ ಇವೆ. ತಪಾಸಣೆಯ ಆಚೆಗೆ ಒಯ್ಯಲಾಗುವುದಿಲ್ಲ, ಆದರೆ ಈಚೆಯವರೆಗೆ ಒಯ್ಯಬಹುದಲ್ಲ ಎಂಬುದು ಆಗ ಹೊಳೆಯಿತು. ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ಒಂದು ತಿಂಗಳು ಬೇಕಾಯಿತು. ಅವಳಿದ್ದಿದ್ದರೆ ಮೊದಲ ದಿನವೇ ಪಂಚೆಯಲ್ಲಿ ಸುತ್ತಿರುತ್ತಿದ್ದಳು. ನಾನೂ ಪಂಚೆಯಲ್ಲೇ ಸುತ್ತಿದೆ. ಮುಳ್ಳು ಆರು ಕಿಲೋದ ಹತ್ತಿರ ಬಂದು ನಿಂತಿತು.

ಅದೇ ಘಟ್ಟ, ಅದೇ ಇರಿಟ್ಟಿ. ಹಾಲಿನಲ್ಲಿ ಮೂರು ಜನ ಹೆಂಗಸರು ನೆಲ ಒರೆಸುತ್ತಿದ್ದರು. ಮೂವರಲ್ಲಿ ಒಬ್ಬಳೂ ಷೀಬ ಅಲ್ಲ. ನನಗೆ ಆದದ್ದು ನಿರಾಳವೆಂದೇ ಹೇಳಬೇಕು, ಸುಳ್ಳು ಹೇಳಬಾರದು. ಬಾಟಲಿಯನ್ನು ಅವರಲ್ಲಿ ಒಬ್ಬಳಿಗೆ ಕೊಟ್ಟು ಹೋಗುವುದೆಂದು ಬ್ಯಾಗಿನಿಂದ ತೆಗೆದು ಕೈಯಲ್ಲಿ ಹಿಡಿದೆ. ಹಿಂದಿನಿಂದ ಯಾರೋ ಬಂದು ಎದುರು ನಿಂತರು. ಬೇರೆ ಬಣ್ಣದ ಕೋಟು, ಕೈಯಲ್ಲಿ ಒಂದು ಪುಸ್ತಕ. ಷೀಬ. ಈಗ ಅವಳು ಸೂಪರ್‌ವೈಸರ್. ನನ್ನನ್ನು ಗುರುತಿಸಲಿಲ್ಲ, ಬಾಟಲಿಯನ್ನು ಗುರುತಿಸಿದಳು.

"ಸಾರ್, ರೇಷ್ಮೆ ಸೀರೆ ಅಮ್ಮ," ಎಂದಳು. ನನ್ನ ಹಿಂದೆ ನೋಡಿದಳು, ಬಾಗಿಲ ಕಡೆ ನೋಡಿದಳು. "ಅಮ್ಮ ಎಲ್ಲಿ?"

ಆ ಹಾಲಿನಲ್ಲಿ ಬೋಜಮ್ಮ ಇರಲಿಲ್ಲ, ಬಸ್ಸಿನ ಕಂಡಕ್ಟರ್ ಇರಲಿಲ್ಲ. ನಾನೇ ಹೇಳಬೇಕಿತ್ತು.

"ಸುಶೀಲ ತೀರಿಹೋದಳು," ಎಂದೆ. "ಹೋದ ಕಕ್ಕಡದಲ್ಲಿ. ಇದು ಅವಳು ಮಾಡಿದ್ದೇ. ನಿನಗೆ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಷೀಬ ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ತಾನು ಪಕ್ಕದಲ್ಲಿ ನಿಂತೇ ಇದ್ದಳು. ಕೆಲಸದ ಹೊತ್ತಿನಲ್ಲಿ ಅವರು ಕೂರುವ ಹಾಗಿಲ್ಲ. ಬಾಟಲಿಯನ್ನೇ ನೋಡುತ್ತಾ ಮಾತಾಡಿದಳು.

"ಅಮ್ಮ ಒಂದು ಚಮಚ ಅಂತ ಬೆರಳು ತೋರಿಸಿ ಹೇಳಿದ್ರು ಸಾರ್. ನಾನು ಆಸೆಗೆ ಮೂರು ಹಾಕಿದೆ. ಮನೇಲಿ ಒಬ್ರಿಗೂ ತಿನ್ನೋಕಾಗ್ಲಿಲ್ಲ, ಹಲ್ಲೆಲ್ಲ ಜುಮ್ ಅಂತು. ಮಾರನೇ ದಿನ ಒಂದೇ ಹಾಕಿದೆ. ಆ ಸಾರು ತಿಂದು ನಮ್ಮಮ್ಮ ಅತ್ತುಬಿಟ್ಳು. ಇಷ್ಟು ವರ್ಷ ಹೊರಗೇ ನಿಂತು ಮೂಸಿದ್ದು ಇವತ್ತು ತಿಂದೆ ಅಂದ್ಳು."

ನಾನು ನಕ್ಕೆ. ನಗುತ್ತಿರುವಾಗಲೇ ಕಣ್ಣು ತುಂಬಿತು. ಅದನ್ನು ಒರೆಸಿಕೊಳ್ಳುವ ಅವಸರ ಬರಲಿಲ್ಲ. ಮೂರು ಚಮಚ. ಎರಡು ವರ್ಷ ಅವಳು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕೇಳಿಸಿಕೊಳ್ಳಬೇಕಾದವಳು ಇಲ್ಲ, ಆದರೆ ಉತ್ತರ ಎಷ್ಟು ಚೆನ್ನಾಗಿದೆ. ಹೊರಡುವಾಗ ಷೀಬ ತಪಾಸಣೆಯ ಬಾಗಿಲವರೆಗೂ ಬ್ಯಾಗು ಹಿಡಿದು ಬಂದಳು. ಇಷ್ಟೇನಾ ಸಾರ್ ಎಂದಳು. ಇಷ್ಟೇ ಎಂದೆ.

ಇದನ್ನು ಬರೆಯುತ್ತಿರುವುದು ಅದೇ ಲಾಡ್ಜಿನಲ್ಲಿ. ಕೋಣೆ ಬೇರೆ, ಕಿಟಕಿ ಅದೇ ಕಡೆಗೆ. ಊಟಕ್ಕೆ ಮೊದಲು ಒಂದು ಅಂಗಿ ಒಗೆದು ಸರಳಿಗೆ ಹಾಕಿದ್ದೆ. ಹಿಂಡಿದ್ದು ಸಾಲದೆ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಗೆಯುವುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ. ಈಗ ಎದ್ದು ಮುಟ್ಟಿ ನೋಡಿದೆ, ಒಣಗಿದೆ. ಕೆನ್ನೆಗೆ ಒತ್ತಿಕೊಂಡೆ. ಬಿಸಿಲಿನ ವಾಸನೆ.

ನಿನ್ನೆ ಬಂದಿಳಿದಾಗ ಲಾಡ್ಜಿನ ಮ್ಯಾನೇಜರ್ ಪು‌ಸ್ತಕ ತೆರೆದು ಬಂದ ಕಾರಣ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದ್ದ. ಸುಮ್ಮನೆ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಒಂದು ಅಡ್ಡಗೆರೆ ಎಳೆದ. ಸಂಜೆ ಚೈತ್ರಳ ಡ್ಯೂಟಿ ಮುಗಿಯುತ್ತದೆ. ಈ ಅಂಗಿಯನ್ನೇ ಹಾಕಿಕೊಂಡು ಅವಳ ಜೊತೆ ಸಮುದ್ರಕ್ಕೆ ಹೋಗುತ್ತೇನೆ. ಆ ಕಟ್ಟೆಯ ಮೇಲೆ ಕೂತು ಅವಳಿಗೆ ಮೂರು ಚಮಚದ ಕಥೆ ಹೇಳಬೇಕು.